ನಿಂತು ಮಾತಾಡುವ ಪಾತ್ರ

ಆರನೇ ಟೇಕಿನಲ್ಲಿ ಅವರು ಮರೆತದ್ದು ಕನ್ನಡವನ್ನಲ್ಲ, ಇಂಗ್ಲಿಷನ್ನು. ಶೆಡ್ಡಿನಲ್ಲಿ ಅಷ್ಟೊಂದು ಜನರಿದ್ದರೂ ಅದನ್ನು ಗಮನಿಸಿದವಳು ನಾನೊಬ್ಬಳೇ. ಅವರ ತುಟಿ ನೋಡುತ್ತಾ ನಿಲ್ಲುವುದೇ ನನ್ನ ಕೆಲಸವಾಗಿತ್ತು.

ಚೆನ್ನೈಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಪ್ರಾಂಪ್ಟರ್. ಭಾಷೆ ಬಾರದ ನಟರಿಗೆ, ಭಾಷೆ ಬಂದರೂ ಸಂಭಾಷಣೆ ಓದಿಕೊಂಡು ಬಾರದ ನಟರಿಗೆ, ಕ್ಯಾಮೆರಾ ಪಕ್ಕದಲ್ಲಿ ನಿಂತು ಒಂದೊಂದೇ ಸಾಲು ಎತ್ತಿಕೊಡುವುದು ನನ್ನ ಕಸುಬು. ಅವರು ಬಾಯಿ ತೆರೆಯುವುದಕ್ಕೆ ಅರ್ಧ ಉಸಿರು ಮುಂಚೆ ನಾನು ಹೇಳಿ ಮುಗಿಸಿರಬೇಕು. ಧ್ವನಿಯಲ್ಲಿ ಭಾವ ಇರಕೂಡದು. ನಾನು ಅತ್ತರೆ ನಟ ನನ್ನ ಅಳುವನ್ನೇ ಕಾಪಿ ಹೊಡೆಯುತ್ತಾನೆ. ರೇಷನ್ ಅಂಗಡಿಯಲ್ಲಿ ಕಾರ್ಡ್ ನಂಬರು ಕೂಗಿದ ಹಾಗೆ ಹೇಳಬೇಕು. ನನ್ನಷ್ಟು ಸಪ್ಪೆಯಾಗಿ ಪ್ರೇಮ ನಿವೇದನೆ ಮಾಡಬಲ್ಲ ಹೆಂಗಸು ಈ ಊರಲ್ಲಿಲ್ಲ ಅನ್ನುವ ಹೆಮ್ಮೆ ನನಗಿದೆ.

ಆದರೆ ಈ ಚಿತ್ರ ಸಿಂಕ್ ಸೌಂಡ್. ನಟಿಸುವಾಗಿನ ಧ್ವನಿಯನ್ನೇ ಚಿತ್ರದಲ್ಲಿ ಇಡುತ್ತಾರೆ, ಆಮೇಲೆ ಡಬ್ಬಿಂಗ್ ಇಲ್ಲ. ಹಾಗಾಗಿ ನಾನು ಬಾಯಿ ಬಿಡುವ ಹಾಗಿಲ್ಲ. ನಿರ್ದೇಶಕರು ಬೆಂಗಳೂರಿನವರು, ಇದು ಅವರ ಎರಡನೇ ಚಿತ್ರ. ನನ್ನನ್ನು ಕರೆದದ್ದು ಭಾಷೆ ಕಲಿಸುವುದಕ್ಕೆ ಮಾತ್ರ. ಸ್ವಾತಂತ್ರ್ಯ ಬಂದ ಹೊತ್ತಿಗೆ ಮೈಸೂರು ಸೀಮೆಯ ಚರ್ಮದ ಕಾರ್ಖಾನೆಯೊಂದನ್ನು ಬಿಟ್ಟು ತನ್ನ ದೇಶಕ್ಕೆ ಹೊರಟ ಇಂಗ್ಲಿಷ್ ಮ್ಯಾನೇಜರನ ಕಥೆ. ಆ ಪಾತ್ರಕ್ಕೆ ಇಂಗ್ಲೆಂಡಿನಿಂದ ಒಬ್ಬ ಹಾಸ್ಯನಟರನ್ನು ಕರೆಸಿದ್ದರು. ವಯಸ್ಸು ಎಪ್ಪತ್ತಾರು. ಶೂಟಿಂಗ್ ಮಾತ್ರ ಚೆನ್ನೈಯ ಕ್ರೋಂಪೇಟೆಯಲ್ಲಿ, ಮುಚ್ಚಿಹೋದ ಹಳೆಯ ಚರ್ಮ ಹದಮಾಡುವ ಶೆಡ್ಡೊಂದರಲ್ಲಿ. ಚರ್ಮ ಹೋಗಿ ಎಷ್ಟೋ ಕಾಲವಾಗಿದ್ದರೂ ವಾಸನೆ ಮನೆ ಖಾಲಿ ಮಾಡಿರಲಿಲ್ಲ.

ಅವರನ್ನು ಕೀಲ್ಪಾಕ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಇಳಿಸಿದ್ದರು. ಶೂಟಿಂಗಿಗೆ ಹತ್ತು ದಿನ ಮುಂಚಿನಿಂದ ನಾನು ದಿನಾ ಬೆಳಿಗ್ಗೆ ಏಳಕ್ಕೆ ಅಲ್ಲಿಗೆ ಹೋಗುತ್ತಿದ್ದೆ. ಒಂದೊಂದು ಕನ್ನಡ ವಾಕ್ಯವನ್ನೂ ಉಸಿರಿಗೆ ತಕ್ಕಂತೆ ತುಂಡು ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒತ್ತು ಬೀಳುವ ಕಡೆ ಕೆಂಪು, ಎಳೆಯುವ ಕಡೆ ನೀಲಿ ಗೆರೆ ಹಾಕಿದ್ದೆ. ಮೊದಲು ನಿಧಾನಕ್ಕೆ, ಆಮೇಲೆ ಮಾತಿನ ವೇಗದಲ್ಲಿ, ಎರಡು ಸಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಟ್ಟಿದ್ದೆ. ಅವರು ಇಡ್ಲಿ ತಿನ್ನುತ್ತಾ ಅದನ್ನು ಕೇಳಿಸಿಕೊಳ್ಳುವರು. ಮರೆತಾಗ ಹೇಳಲಿಕ್ಕೆಂದು ಮೊದಲ ದಿನವೇ ಎರಡು ಪದ ಕಲಿಸಿದ್ದೆ: “ನೀವೇ ಹೇಳಿ.” ಅದನ್ನು ಅವರು ತುಂಬ ಇಷ್ಟಪಟ್ಟರು. ಕಾಫಿಗೆ ಸಕ್ಕರೆ ಎಷ್ಟು ಅಂದರೂ “ನೀವೇ ಹೇಳಿ, ಟೀಚರ್” ಅನ್ನುವರು. ಬಾಕಿ ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರ ಕಥೆ ನನಗೆ ಸಿಕ್ಕಿದ್ದು ಆ ಇಡ್ಲಿ ಕಾಫಿಯ ನಡುವೆ. ಸಮುದ್ರ ತೀರದ ಊರು. ತಾಯಿ ಒಂದು ವಸತಿಗೃಹ ನಡೆಸುತ್ತಿದ್ದರು, ಬೇಸಿಗೆಯಲ್ಲಿ ಆಟ ಕಟ್ಟಲು ಬರುವ ನಟರು, ಜಾದೂಗಾರರು ಅಲ್ಲೇ ಇಳಿಯುತ್ತಿದ್ದರು. ಅವರಿಗೆಲ್ಲ ಚಹಾ ತಟ್ಟೆ ಹೊತ್ತು ಮೆಟ್ಟಿಲು ಹತ್ತಿಳಿಯುವುದು ಇವರ ಪಾಲಿನ ಕೆಲಸ. ಒಂದು ದಿನ ಜಾರಿ ಬಿದ್ದರು, ಆದರೆ ತಟ್ಟೆಯ ಮೇಲಿನ ಚಹಾ ಚೆಲ್ಲಲಿಲ್ಲ. ನೋಡಿದವರೊಬ್ಬರು, ಇನ್ನೊಂದು ಸಲ ಬೀಳು ಅಂದರು. “ಅಲ್ಲಿಂದ ಅರವತ್ತು ವರ್ಷ ಬಿದ್ದಿದ್ದೇನೆ,” ಅಂದರು.

ಜನ ಕುಡಿಯುತ್ತಾ ಕೂಗಾಡುವ ಕ್ಲಬ್ಬುಗಳಲ್ಲಿ ಬಿದ್ದರು. ಆಮೇಲೆ ಟೆಲಿವಿಷನ್ನಿನಲ್ಲಿ ಬಿದ್ದರು. ಅವರಿಗೊಬ್ಬ ಜೊತೆಗಾರ ಇದ್ದ, ಎತ್ತರದ ಮನುಷ್ಯ, ಯಾವಾಗಲೂ ಟೈ ಕಟ್ಟಿದವನು. ಅವನು ಗಂಭೀರವಾಗಿ ಪ್ರಶ್ನೆ ಕೇಳುವುದು, ಇವರು ಉತ್ತರ ಹೇಳಲು ಹೋಗಿ ಬೀಳುವುದು. ನಗು ಪೂರ್ತಿ ಇವರಿಗೆ. ಎಂಟು ವರ್ಷದ ಹಿಂದೆ ಜೊತೆಗಾರ ತೀರಿಕೊಂಡ. ಆಮೇಲೆ ಸಿನಿಮಾಗಳಲ್ಲಿ ಸಣ್ಣ ಪಾತ್ರಗಳು ಬಂದವು: ಬೀಳುವ ಅಡುಗೆಯವ, ಬೀಳುವ ಪಾದ್ರಿ. ಒಮ್ಮೆ ನ್ಯಾಯಾಧೀಶರ ಪಾತ್ರ ಬಂತಂತೆ. ಖುಷಿಯಿಂದ ಹೋದರೆ, ತೀರ್ಪು ಓದಿ ಎದ್ದ ಮೇಲೆ ಅವನೂ ಬೀಳಬೇಕಿತ್ತು.

“ಈ ಚಿತ್ರದಲ್ಲಿ ನಾನು ಎಲ್ಲೂ ಬೀಳುವುದಿಲ್ಲ ಟೀಚರ್,” ಅಂದರು. “ಹದಿನೇಳು ಗಂಟೆ ವಿಮಾನದಲ್ಲಿ ಕೂತು ಬಂದದ್ದು ಅದಕ್ಕೇ. ನಿಂತು ಮಾತಾಡುವ ಪಾತ್ರ. ಜೀವನದಲ್ಲಿ ಇದೊಂದೇ.”

ಅದು ಕೊನೆಯ ದೃಶ್ಯ. ಕೆಲಸಗಾರರ ಎದುರು ಮ್ಯಾನೇಜರ್ ನಾಲ್ಕು ನಿಮಿಷ ಮಾತಾಡಿ, ಹ್ಯಾಟು ಹಾಕಿಕೊಂಡು ಶೆಡ್ಡಿನ ಬಾಗಿಲು ದಾಟಿ ಹೋಗುತ್ತಾನೆ. ಮುಕ್ಕಾಲು ಪಾಲು ಕನ್ನಡ, ಕಾಲು ಪಾಲು ಇಂಗ್ಲಿಷ್. ನಡುವೆ ಎಲ್ಲೂ ಕತ್ತರಿಸದೆ ಒಂದೇ ಟೇಕಿನಲ್ಲಿ ತೆಗೆಯಬೇಕೆಂಬುದು ನಿರ್ದೇಶಕರ ಆಸೆ.

ಮೊದಲೆರಡು ದಿನ ಸಣ್ಣ ದೃಶ್ಯಗಳು ಸಲೀಸಾಗಿ ಮುಗಿದವು. ನಮಗಿದ್ದ ತೊಂದರೆ ರೈಲಿನದು. ಶೆಡ್ಡಿನ ಹಿಂದೆಯೇ ಲೋಕಲ್ ರೈಲಿನ ಹಳಿ. ಸೌಂಡ್ ರೆಕಾರ್ಡಿಸ್ಟ್ ಹೆಡ್‌ಫೋನಿನೊಳಗೆ ಯಾರಿಗಿಂತ ಮುಂಚೆ ಅದನ್ನು ಕೇಳಿಸಿಕೊಂಡು ಕೈಯೆತ್ತುವರು. “ಅಕ್ಕಾ, ಟ್ರೈನ್ ವರುದು,” ಅನ್ನುವರು ನನ್ನ ಕಡೆ ತಿರುಗಿ, ನಾನೇ ಕಳಿಸಿದೆನೇನೋ ಅನ್ನುವ ಹಾಗೆ. ಎರಡು ರೈಲಿನ ನಡುವೆ ಐದು ನಿಮಿಷ ಸಿಕ್ಕರೆ ನಮ್ಮ ಪುಣ್ಯ. ಹಾಗೆ ಕಾಯುವಾಗ ಯಾರೋ ಕೇಳಿಕೊಂಡರು ಅಂತ ನಮ್ಮ ಹಾಸ್ಯನಟರು ಒಮ್ಮೆ ಬಿದ್ದೂ ತೋರಿಸಿದರು. ನಡೆಯುತ್ತಾ ಬಂದರು, ಒಂದು ಹಲಗೆಯನ್ನು ನೋಡಿದರು, ಅದನ್ನು ಜೋಪಾನವಾಗಿ ದಾಟಿದರು, ದಾಟಿದ ಮೇಲೆ ಏನೂ ಇಲ್ಲದ ಸಮನೆಲದಲ್ಲಿ ದೊಪ್ಪನೆ ಬಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. “ಬೀಳುವುದು ಕಾಲಿನಿಂದಲ್ಲ, ಕಣ್ಣಿನಿಂದ,” ಅಂದರು ಧೂಳು ಕೊಡವಿಕೊಳ್ಳುತ್ತಾ. “ಇವನು ಬೀಳುವುದಿಲ್ಲ ಅಂತ ಜನ ಮೊದಲು ನಂಬಬೇಕು.”

ಮೂರನೇ ದಿನ ಕೊನೆಯ ದೃಶ್ಯಕ್ಕೆ ಕೈ ಹಾಕಿದೆವು. ಆರು ಟೇಕ್, ಆರೂ ಹಾಳು. ಒಂದೆರಡನ್ನು ರೈಲಿನ ತಲೆಗೆ ಕಟ್ಟಬಹುದಿತ್ತು. ಉಳಿದವು ಅವರವೇ. ಎಲ್ಲರೂ ಮುಂದೆ ಬರುವ ಕನ್ನಡದ ಚಿಂತೆಯಲ್ಲಿ ನಿಂತರು ಅಂದುಕೊಂಡರು. ಆದರೆ ನಾನು ಗೆರೆ ಎಳೆದು ಕೊಟ್ಟಿದ್ದ ಸಾಲುಗಳೆಲ್ಲ ಅವರ ಬಾಯಲ್ಲಿ ಗಟ್ಟಿಯಾಗಿದ್ದವು. ಅವರು ನಿಂತುಬಿಟ್ಟದ್ದು ಇಂಗ್ಲಿಷ್ ಭಾಗದಲ್ಲಿ, ತಮ್ಮ ತಾಯ್ನುಡಿಯ ಒಂದು ಸರಳ ವಾಕ್ಯದ ನಡುವೆ. ತುಟಿ ಸ್ವಲ್ಪ ತೆರೆದಿತ್ತು, ಕಣ್ಣಿನಲ್ಲಿ ದಾರಿ ತಪ್ಪಿದವರ ಗಾಬರಿ ಇತ್ತು.

ಬಿಡುವಿನಲ್ಲಿ ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದರು. ಕೆಟ್ಟ ಮನುಷ್ಯರಲ್ಲ, ಆದರೆ ಅವರಿಗೆ ಆ ಜಾಗ ಸಿಕ್ಕಿದ್ದು ಶುಕ್ರವಾರದವರೆಗೆ ಮಾತ್ರ.

“ಮೇಡಂ, ಸರ್ ಕೈಲಿ ಆಗಲ್ಲ ಅನ್ಸುತ್ತೆ. ನಾಳೆನೂ ಹಿಂಗೇ ಆದ್ರೆ ಎರಡೇ ಲೈನ್ ಇಟ್ಕೋತೀನಿ. ಬಾಗಿಲ ಹತ್ರ ಜಾರಿ ಬೀಳ್ತಾರೆ, ಕೆಲಸದೋರು ಬಂದು ಎತ್ತುತಾರೆ, ಮುಗೀತು. ಅದ್ರಲ್ಲೂ ಒಂಥರಾ ಫೀಲ್ ಇದೆ, ಅಲ್ವಾ?”

ಸಂಜೆ ಕಾರಿನಲ್ಲಿ ಹಾಸ್ಯನಟರ ಜೊತೆ ನಾನೂ ಕೀಲ್ಪಾಕ್‌ವರೆಗೆ ಹೋದೆ.

“ಸರ್, ನೀವು ಮರೆತದ್ದು ಕನ್ನಡವಲ್ಲ,” ಅಂದೆ.

ಕಿಟಕಿಯಾಚೆ ನೋಡುತ್ತಲೇ, ಕಳೆದ ವರ್ಷ ಶುರುವಾಯಿತು ಅಂದರು. ಮೊದಲು ಹೆಸರುಗಳು, ಆಮೇಲೆ ಬಾಯಿಪಾಠ ಮಾಡಿದ್ದು. “ಡಾಕ್ಟರು ಅದಕ್ಕೊಂದು ಹೆಸರು ಹೇಳಲಿಕ್ಕೆ ಕರೆದಿದ್ದಾರೆ, ನಾನು ಹೋಗಿಲ್ಲ. ಹೊಸದಾಗಿ ಕಲಿತ ನಿಮ್ಮ ಭಾಷೆ ಯಾಕೋ ನಿಲ್ಲುತ್ತೆ, ನನ್ನದೇ ಸೋರಿಹೋಗುತ್ತೆ. ನಿರ್ದೇಶಕರಿಗೆ ಹೇಳಬೇಡಿ ಟೀಚರ್. ನಮ್ಮಲ್ಲಿ ನಟ ಸಾಲು ಮರೆತ ಅಂತ ಸುದ್ದಿಯಾದರೆ ಅಲ್ಲಿಗೆ ಅವನ ಕಥೆ ಮುಗಿಯಿತು.”

“ನಮ್ಮಲ್ಲಿ ಮುಗಿಯೋದಿಲ್ಲ. ದೊಡ್ಡ ದೊಡ್ಡ ನಟರಿಗೆ ನಾನೇ ಎತ್ತಿಕೊಟ್ಟಿದ್ದೇನೆ. ಯಾರೂ ನಾಚಿಕೊಂಡಿಲ್ಲ. ಅದಕ್ಕಂತಲೇ ನನ್ನಂಥವರಿಗೆ ಸಂಬಳ ಕೊಡ್ತಾರೆ.”

ಅವರು ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿದರು. ನಾನೇನೋ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡರೋ ಏನೋ. ನಿಜವಾಗಿ ನನಗೆ ಆಗ ಸಿಂಕ್ ಸೌಂಡ್ ಕಂಡುಹಿಡಿದವರ ಮೇಲೆ ಕೋಪ ಬಂದಿತ್ತು.

ಮರುದಿನ ಗುರುವಾರ. ಕನ್ನಡಕ್ಕೆ ಆಸರೆ ಅಂತ ಹೇಳಿ ಅವರ ಕಿವಿಯೊಳಗೆ ಸಣ್ಣ ಸ್ಪೀಕರ್ ಇಟ್ಟು, ನಾನು ಹೊರಗೆ ವ್ಯಾನಿನಲ್ಲಿ ಕೂತು ಮೈಕಿನಲ್ಲಿ ಹೇಳಿಕೊಟ್ಟೆ. ಮಾತು ಸರಿಯಾಗಿ ಬಂತು. ಮಾನಿಟರಿನಲ್ಲಿ ನೋಡಿದರೆ ಮುಖ ಮಾತ್ರ ಫೋನಿನಲ್ಲಿ ಯಾರದೋ ಅಡ್ರೆಸ್ ಬರೆದುಕೊಳ್ಳುವವರ ಹಾಗಿತ್ತು. ಆಮೇಲೆ ದೊಡ್ಡ ಅಕ್ಷರದ ಬೋರ್ಡು ಹಿಡಿಸಿದೆವು. ಕಣ್ಣು ಎಡದಿಂದ ಬಲಕ್ಕೆ ಓಡಾಡುವುದು ಕ್ಲೋಸಪ್ಪಿನಲ್ಲಿ ಸ್ಪಷ್ಟವಾಗಿ ಕಾಣಿಸಿತು. ನಾಲ್ಕು ಗಂಟೆಗೆ ನಿರ್ದೇಶಕರು ಪ್ಯಾಕಪ್ ಅಂದರು. ಆರ್ಟ್ ವಿಭಾಗದವರು ಬಾಗಿಲ ಬಳಿ ಬೀಳುವ ಜಾಗಕ್ಕೆ, ಚಿತ್ರದಲ್ಲಿ ಕಾಣದ ಹಾಗೆ, ಮಣ್ಣಿನ ಬಣ್ಣದ ಮೆತ್ತೆ ಹಾಸಲಿಕ್ಕೆ ಅಳತೆ ತೆಗೆದುಕೊಂಡರು. ಹಾಸ್ಯನಟರು ಅದನ್ನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

ಗಿಂಡಿ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿದು ಮೈಲಾಪೂರಿಗೆ ಬಂದಾಗ ಆರು ಗಂಟೆ. ಮನೆಯಲ್ಲಿ ಅಮ್ಮ ಉಪ್ಪಿಟ್ಟು ಮಾಡಿ ನನ್ನ ಮಗಳಿಗೆ ಬಡಿಸುತ್ತಿದ್ದರು. ಮಗಳಿಗೆ ಹದಿನಾರು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು.

“ಏನೇ ಸಮಾಚಾರ?” ಅಂತ ನಾನು ಕೇಳಿದೆ.

“ಒಣ್ಣುಮಿಲ್ಲಮ್ಮಾ,” ಅಂದಳು. ಏನೂ ಇಲ್ಲವಂತೆ.

ಅಮ್ಮ ನನ್ನ ಕಡೆ ಒಂದು ಸಲ ನೋಡಿ, ಅವಳ ಎದುರು ಕೂತರು. “ಪರೀಕ್ಷೆ ಸುಲಭವಾಗಿತ್ತಾ, ಕಷ್ಟವಾಗಿತ್ತಾ?”

“ಕಷ್ಟವಾಗಿತ್ತು ಅಜ್ಜಿ.”

“ಎಲ್ಲಾ ಬರೆದ್ಯಾ, ಅರ್ಧ ಬಿಟ್ಟು ಬಂದ್ಯಾ?”

“ಎಲ್ಲಾ ಬರೆದೆ.”

“ಬಸ್ಸಲ್ಲಿ ಬಂದ್ಯಾ, ಆ ಹುಡುಗಿ ಸ್ಕೂಟರಲ್ಲಿ ಬಂದ್ಯಾ?”

ಮಗಳು ನಕ್ಕಳು. “ಸ್ಕೂಟರಲ್ಲಿ ಬಂದೆ. ನಿಮಗ್ಯಾರು ಹೇಳಿದ್ದು?”

ಇದನ್ನು ನಾನು ಹತ್ತು ವರ್ಷದಿಂದ ನೋಡುತ್ತಿದ್ದೇನೆ. ಮೊಮ್ಮಗಳ ಬಾಯಿಂದ ಕನ್ನಡ ಹೊರಡಿಸಲು ಅಮ್ಮ ಕಂಡುಕೊಂಡ ಉಪಾಯ ಇದು: ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಡುವುದು. ಹುಡುಗಿ ಹುಡುಕಬೇಕಾಗಿಲ್ಲ, ಎರಡರಲ್ಲಿ ಒಂದನ್ನು ಎತ್ತಿಕೊಂಡರೆ ಸಾಕು. ಬಾಯಿ ಒಮ್ಮೆ ತಿರುಗಿತು ಅಂದರೆ ಮುಂದಿನ ಮಾತು ತಾನಾಗಿ ಬರುತ್ತದೆ. ಈ ಊರಿನ ಎಷ್ಟೋ ಕನ್ನಡದ ಮನೆಗಳಲ್ಲಿ ಅಜ್ಜಿಯರು ಹೀಗೇ ಮಾಡುತ್ತಾರೆ. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡು ನಾನು ನಿಂತೇ ಇದ್ದೆ. ನನ್ನ ಕಸುಬಿನಲ್ಲಿ ನನಗಿಂತ ಜಾಣರು ಮನೆಯಲ್ಲೇ ಇದ್ದರು. ಟೈ ಕಟ್ಟಿದ ಆ ಜೊತೆಗಾರ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ರೈಲಿನಲ್ಲೇ ಬರೆದೆ. ಮ್ಯಾನೇಜರನ ನಾಲ್ಕು ನಿಮಿಷದ ಭಾಷಣವನ್ನು ಒಡೆದು, ಕಾರ್ಖಾನೆಯಲ್ಲಿ ನೀರು ಹೊರುವ ಹೆಂಗಸೊಬ್ಬಳು ಕೇಳುವ ಒಂಬತ್ತು ಪ್ರಶ್ನೆ ಮಾಡಿದೆ. ಇಂಗ್ಲಿಷ್ ಭಾಗವನ್ನೂ ಕನ್ನಡಕ್ಕೆ ತಿರುಗಿಸಿಬಿಟ್ಟೆ. ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಇಳಿದು ನೇರವಾಗಿ ನಿರ್ದೇಶಕರ ಹತ್ತಿರ ಹೋದೆ.

“ತಪ್ಪು ನನ್ನದು ಸರ್. ನಾನು ಕಲಿಸಿದ ಕ್ರಮ ಸರಿಯಿಲ್ಲ. ಅಷ್ಟುದ್ದದ್ದನ್ನ ಒಟ್ಟಿಗೆ ಕಲಿಸಬಾರದಿತ್ತು. ಇದನ್ನೊಂದು ಸಲ ನೋಡಿ.”

ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸ ಸರಿಯಿಲ್ಲ ಅಂತ ನಾನೇ ಹೇಳಿದ್ದು ಅದೊಂದೇ ಸಲ, ಅದೂ ಸುಳ್ಳು. ಓದುತ್ತಾ ಅವರ ಮುಖ ಬಿಗಿಯಿತು.

“ಮೇಡಂ, ಈ ಭಾಷಣಕ್ಕೋಸ್ಕರನೇ ನಾನು ಸಿನಿಮಾ ಬರೆದಿದ್ದು. ನೀವು ಇದನ್ನ ಹರಟೆ ಮಾಡಿಬಿಟ್ಟಿದ್ದೀರ.”

“ಹದಿನೈದು ವರ್ಷ ಜೊತೆಗಿದ್ದೋರು ಹೊರಟು ನಿಂತ್ರೆ ನಮ್ಮ ಜನ ಸುಮ್ನೆ ಕೈಕಟ್ಟಿ ಭಾಷಣ ಕೇಳ್ತಾರಾ ಸರ್? ನಿಮ್ಮ ಮನೇಲಿ ಕೇಳ್ತಾರಾ?”

ಅವರು ಕಾಗದವನ್ನು ಮತ್ತೆ ಮೊದಲಿನಿಂದ ಓದಿದರು. ಒಂದು ಕಡೆ ಮೂಗಿನಲ್ಲಿ ನಕ್ಕ ಸದ್ದು ಕೇಳಿಸಿತು. “ಊಟಕ್ಕೆ ಮುಂಚೆ ಒಂದು ಟೇಕ್. ಆಗ್ಲಿಲ್ಲ ಅಂದ್ರೆ ಬೀಳೋದು ತೆಗೀತೀನಿ. ನೀರಿನ ಹೆಂಗಸು ಯಾರು?”

“ಸಾಲು ಬಾಯಿಗೆ ಬಂದಿರೋದು ನನಗೊಬ್ಬಳಿಗೇ.”

ಕಾಸ್ಟ್ಯೂಮಿನವರು ಮಾಸಿದ ಸೀರೆ ಉಡಿಸಿ, ಸೆರಗಿನೊಳಗೆ ಮೈಕ್ ಸಿಕ್ಕಿಸಿದರು. ಕ್ಯಾಮೆರಾಗೆ ಬೆನ್ನು ಹಾಕಿ ನಿಲ್ಲಿಸಿದರು. ಹಾಸ್ಯನಟರಿಗೆ ಪ್ರಶ್ನೆಗಳ ಅರ್ಥ ಇಂಗ್ಲಿಷಿನಲ್ಲಿ ತಿಳಿಸಿ ನಾನು ಹೇಳಿದ್ದು ಇಷ್ಟೇ: ಮುಂದಿನ ಸಾಲು ಯಾವುದು ಅಂತ ಹುಡುಕಬೇಡಿ, ನಾನು ಕೇಳ್ತೀನಿ, ನೀವು ಹೇಳಿ. ರಿಹರ್ಸಲ್‌ನಲ್ಲಿ ಎಡವಿದ್ದು ನಾನೇ. ಧ್ವನಿ ಅದೇ ರೇಷನ್ ಅಂಗಡಿಯ ಧ್ವನಿ. “ಮೇಡಂ, ಸಾಲು ಹೇಳ್ಬೇಡಿ, ಕೇಳಿ,” ಅಂತ ನಿರ್ದೇಶಕರು ಎರಡು ಸಲ ಹೇಳಿದರು. ಹಾಸ್ಯನಟರು ನನ್ನ ಕಡೆ ಬಾಗಿ, “ಹೆದರಬೇಡಿ, ಬೀಳುವ ಕೆಲಸ ನನ್ನದು,” ಅಂದರು.

ಒಂದು ರೈಲು ಹೋಯಿತು. ಸೌಂಡಿನವರು ಕೈ ಇಳಿಸಿದರು. ಆ್ಯಕ್ಷನ್.

“ದೊರೆ, ಮೊದಲನೇ ದಿನ ಈ ವಾಸನೆಗೆ ಮೂಗು ಮುಚ್ಕೊಂಡ್ರೋ, ವಾಂತಿ ಮಾಡ್ಕೊಂಡ್ರೋ?”

ಅವರು ನನ್ನನ್ನು ನೋಡಿದರು. ಒಂದು ಕ್ಷಣ ಬಿಟ್ಟು, ತುಂಬ ಮರ್ಯಾದೆಯಿಂದ ಹೇಳಿದರು. “ವಾಂತಿ ಮಾಡ್ಕೊಂಡೆ.”

ಕೆಲಸಗಾರರ ಪಾತ್ರದವರು ನಕ್ಕರು. ಬರೆದದ್ದಲ್ಲ, ನಿಜವಾಗಿ ನಕ್ಕರು. ಆ ನಗು ಹಾಸ್ಯನಟರ ಬೆನ್ನು ನೆಟ್ಟಗೆ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದೆ.

“ಓಡಿಹೋಗೋಣ ಅನ್ನಿಸ್ತೋ, ಇರೋಣ ಅನ್ನಿಸ್ತೋ?”

“ಓಡಿಹೋಗೋಣ ಅನ್ನಿಸ್ತು. ರೈಲು ಇರಲಿಲ್ಲ.”

ಮೂರು, ನಾಲ್ಕು, ಐದು. ನಾನು ಕೇಳುತ್ತಾ ಹೋದೆ, ಅವರು ಎತ್ತಿಕೊಳ್ಳುತ್ತಾ ಹೋದರು. ಕಾರ್ಖಾನೆಯ ಮೇಸ್ತ್ರಿ ಸತ್ತ ದಿನದ ಪ್ರಶ್ನೆ ಬಂದಾಗ ಶೆಡ್ಡಿನಲ್ಲಿ ಯಾರೂ ಅಲುಗಲಿಲ್ಲ. ಸಪ್ಪೆ ಧ್ವನಿ ನನ್ನನ್ನು ಯಾವಾಗ ಬಿಟ್ಟುಹೋಯಿತೋ ತಿಳಿಯಲಿಲ್ಲ. ಕೊನೆಯದೊಂದು ಉಳಿದಿತ್ತು.

“ಮತ್ತೆ ಬರ್ತೀರೋ, ಬರಲ್ವೋ?”

ಅವರ ಕಣ್ಣು ಖಾಲಿಯಾಯಿತು. ಮೂರನೇ ದಿನದ ಅದೇ ಗಾಬರಿ. ಪ್ರಶ್ನೆಯೊಳಗೆ ಇಡಬೇಕಾದ್ದನ್ನೆಲ್ಲ ನಾನು ಇಟ್ಟಾಗಿತ್ತು, ಇನ್ನೇನೂ ಕೈಯಲ್ಲಿರಲಿಲ್ಲ. ಹಿಂದೆ ನಿರ್ದೇಶಕರು ಉಸಿರು ಎಳೆದುಕೊಂಡದ್ದು ಕೇಳಿಸಿತು, ಕಟ್ ಅನ್ನಲಿಕ್ಕೆ. ಆಗ ನನ್ನೆದುರಿನ ಮುಖಕ್ಕೆ ನಿಧಾನವಾಗಿ ಕಳೆ ಬಂತು.

“ನೀವೇ ಹೇಳಿ,” ಅಂದರು.

ಅವರು ಹೇಳಬೇಕಿದ್ದ ಉತ್ತರ ನನಗೆ ಬಾಯಿಪಾಠವಾಗಿತ್ತು. ನಾನೇ ಹೇಳಿದೆ. “ಬರಲ್ಲ ದೊರೆ. ಆದ್ರೆ ಈ ವಾಸನೆ ನಿಮ್ಮ ಜೊತೆಗೇ ಬರುತ್ತೆ.”

ಅವರು ಕೋಟಿನ ತೋಳನ್ನು ಮೂಗಿಗೆ ಹಿಡಿದು ಮೂಸಿ ನೋಡಿದರು. ಹೌದು ಅನ್ನುವಂತೆ ತಲೆಯಾಡಿಸಿದರು. ಅಲ್ಲಿದ್ದವರೆಲ್ಲ ನಕ್ಕರು, ಆ ನಗು ಬಂದದ್ದು ನನ್ನ ಸಾಲಿಗೆ. ನಗು ನನ್ನ ಪಾಲಿಗೆ ಬರಲಿ ಅಂತ ಅವರು ಜಾಗ ಬಿಟ್ಟುಕೊಟ್ಟಿದ್ದರು. ಆಮೇಲೆ ಹ್ಯಾಟು ಹಾಕಿಕೊಂಡು ಬಾಗಿಲ ಕಡೆ ನಡೆದರು. ಹೊಸ್ತಿಲ ಎದುರು ನಿಂತು ಅದನ್ನು ನೋಡಿದರು. ಅವರ ಚರಿತ್ರೆ ಗೊತ್ತಿದ್ದ ನಾವೆಲ್ಲ ಉಸಿರು ಹಿಡಿದೆವು. ಬಲಗಾಲು ಎತ್ತಿ ಆಚೆ ಇಟ್ಟರು, ಎಡಗಾಲು ಎತ್ತಿ ಆಚೆ ಇಟ್ಟರು, ಮೆತ್ತೆಯಿಲ್ಲದ ಸಮನೆಲದ ಮೇಲೆ ಬಿಸಿಲಿನೊಳಕ್ಕೆ ನೆಟ್ಟಗೆ ನಡೆದುಹೋದರು. ಹಿಂದಿನಿಂದ ರೈಲು ಬಂತು.

ಮಾನಿಟರಿನ ಎದುರು ನಿರ್ದೇಶಕರು ಕಣ್ಣೊರೆಸಿಕೊಂಡು, “ಮೇಡಂ, ‘ನೀವೇ ಹೇಳಿ’ ಅನ್ನೋದು ಸ್ಕ್ರಿಪ್ಟಲ್ಲಿ ಇತ್ತಾ?” ಅಂತ ಕೇಳಿದರು.

“ಇತ್ತು ಸರ್,” ಅಂದೆ. ಊಟದ ಬಿಡುವಿನಲ್ಲಿ ಅದನ್ನು ಕಾಗದದಲ್ಲಿ ಬರೆದು ಸೇರಿಸಿದೆ.

ಅವರು ಹೊರಡುವ ದಿನ ಕೀಲ್ಪಾಕ್‌ಗೆ ಹೋಗಿದ್ದೆ. ಜೊತೆಗಾರನ ಹೆಸರು ಹೇಳಲು ಹೋಗಿ ತಡವರಿಸಿದರು, ಸಿಗಲಿಲ್ಲ. “ಆ ಎತ್ತರದವನು,” ಅಂದರು ಕೊನೆಗೆ. “ಪ್ರಶ್ನೆ ಕೇಳೋದು ಎಷ್ಟು ಕಷ್ಟ ಅಂತ ನಾನು ಅವನನ್ನ ಒಂದು ದಿನವೂ ಕೇಳಲಿಲ್ಲ.” ಊರಿಗೆ ಹೋದ ಮೇಲೆ ಡಾಕ್ಟರ ಹತ್ತಿರ ಹೋಗುತ್ತೇನೆ ಅಂತ ಮಾತು ಕೊಟ್ಟರು. ಹೋದರು ಕೂಡ.

ಚಿತ್ರ ಬಂದು ಹೋಗಿದೆ. ಅದರಲ್ಲಿ ನನ್ನ ಬೆನ್ನು, ಜಡೆ ಕಾಣಿಸುತ್ತದೆ. ಈಗ ಅವರು ತಮ್ಮ ಮಗಳ ಮನೆಯಲ್ಲಿದ್ದಾರೆ. ಇದನ್ನು ಬರೆಯಬೇಕು ಅನ್ನಿಸಿದಾಗ, ಮರೆವಿನ ವಿಷಯವೂ ಬರುತ್ತದೆ, ಹೆಸರು ಹಾಕುವುದಿಲ್ಲ, ಬರೆಯಬಹುದೇ ಅಂತ ಕೇಳಿ ಮಗಳಿಗೆ ಪತ್ರ ಕಳಿಸಿದೆ. ಅಪ್ಪನಿಗೆ ಓದಿ ಹೇಳಿದ್ದೇನೆ, ಈಚೆಗೆ ಮಾತು ಬಹಳ ಕಡಿಮೆ, ಎಷ್ಟು ತಿಳಿಯಿತೋ ಗೊತ್ತಿಲ್ಲ ಅಂತ ಅವಳು ಉತ್ತರ ಬರೆದಳು. ಅದರ ಹಿಂದೆಯೇ ಒಂದು ಧ್ವನಿ ಸಂದೇಶ ಬಂತು. ಮೊದಲು ಬರೀ ಉಸಿರು. ಆಮೇಲೆ, ನಾನು ಕೆಂಪು ಗೆರೆ ಹಾಕಿಕೊಟ್ಟಿದ್ದ ಜಾಗದಲ್ಲೇ ಒತ್ತು ಕೊಟ್ಟು, ಅವರ ದನಿ: “ನೀವೇ ಹೇಳಿ, ಟೀಚರ್.”